ಸತ್ತವನಿಗೂ ಅರ್ಧ ದರ

ಮನುಷ್ಯ ಸತ್ತರೆ ಹೆಣಕ್ಕೆ ಬೇಕಾದ್ದು ಆರಡಿ ಮೂರಡಿ ನೆಲ, ಗುಂಡಿ ತೋಡಿದವನ ಕೂಲಿ, ಹೊರುವುದಕ್ಕೆ ನಾಲ್ಕು ಹೆಗಲು. ಇದಕ್ಕೆಲ್ಲ ಎಷ್ಟು ದುಡ್ಡಾಗುತ್ತೆ ಅಂತ ಗುಂಡಿ ತೋಡಿ ಬದುಕಿದ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದೇ ಯುದ್ಧದಲ್ಲಿ, ಒಂದೇ ಬಾವುಟದ ಕೆಳಗೆ, ಒಬ್ಬನೇ ಸೇನಾಪತಿಯ ಅಪ್ಪಣೆಯಲ್ಲಿ ಕಾದಾಡಿದ ಇಬ್ಬರು ಸಿಪಾಯಿಗಳು ಸತ್ತರೆ ಒಬ್ಬನ ಹೆಣಕ್ಕೆ ಒಂದು ಡಾಲರು, ಇನ್ನೊಬ್ಬನ ಹೆಣಕ್ಕೆ ಐವತ್ತು ಸೆಂಟು ಎಂದು ಕಾನೂನಿನಲ್ಲೇ ಬರೆದಿಟ್ಟ ದೇಶವೊಂದಿದೆ. ಅದು ಅಮೆರಿಕ. ಅರ್ಧ ದರದ ಹೆಣ ಫಿಲಿಪ್ಪೀನ್ಸಿನವನದು.

ಕತೆ ಶುರುವಾಗುವುದು 1898ರಲ್ಲಿ. ಸ್ಪೇನಿನ ಜೊತೆ ಯುದ್ಧ ಮಾಡಿದ ಅಮೆರಿಕ ಎರಡು ಕೋಟಿ ಡಾಲರು ಕೊಟ್ಟು ಫಿಲಿಪ್ಪೀನ್ಸನ್ನು ತೆಗೆದುಕೊಂಡಿತು. ಸಂತೆಯಲ್ಲಿ ಒಬ್ಬ ದಣಿ ಮಾರಿದ, ಇನ್ನೊಬ್ಬ ದಣಿ ಕೊಂಡ. ದ್ವೀಪಗಳ ಜನರನ್ನು ಯಾರೂ ಕೇಳಲಿಲ್ಲ. ಸ್ವಾತಂತ್ರ್ಯ ಬೇಕೆಂದು ಎದ್ದವರನ್ನು 1899ರಿಂದ ಮೂರು ವರ್ಷ ಯುದ್ಧ ಮಾಡಿ ತುಳಿದರು. 1934ರಲ್ಲಿ, ಹತ್ತು ವರ್ಷ ಕಾದರೆ ಸ್ವಾತಂತ್ರ್ಯ ಕೊಡುತ್ತೇವೆಂದು ಕಾನೂನು ಮಾಡಿದರು. ಆ ಹತ್ತು ವರ್ಷದ ನಡುವೆ ಯುದ್ಧ ಬಂತು.

1941ರ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆಜ್ಞೆ ಹೊರಡಿಸಿದ. ಫಿಲಿಪ್ಪೀನ್ಸಿನ ಸೇನೆಯೆಲ್ಲ ಅಮೆರಿಕದ ಸೇನೆಯ ಸೇವೆಗೆ ಸೇರತಕ್ಕದ್ದು. ಮೇಲೆ ದಂಡನಾಯಕ ಮೆಕಾರ್ಥರ್. ಹೀಗೆ ಸೇರಿದವರೂ ಆಮೇಲೆ ಕಾಡಿನಲ್ಲಿ ಗೆರಿಲ್ಲಾಗಳಾಗಿ ಹೋರಾಡಿದವರೂ ಒಟ್ಟು ಎರಡೂವರೆ ಲಕ್ಷಕ್ಕೂ ಮಿಕ್ಕಿ. ಹೆಚ್ಚಿನವರು ಗದ್ದೆಯಲ್ಲಿ ಭತ್ತ ಕೊಯ್ಯುತ್ತಿದ್ದ ಹುಡುಗರು. ಅಷ್ಟೂ ಮಂದಿಗೆ ಗೊತ್ತಿದ್ದ ಮಾತು ಒಂದೇ: ನಾವು ಅಮೆರಿಕದ ಸಿಪಾಯಿಗಳು.

1942ರ ಏಪ್ರಿಲ್ 9ರಂದು ಬಟಾನ್ ಬಿತ್ತು. ಸೆರೆಯಾದ ಹತ್ತಿರ ಹತ್ತಿರ ಎಪ್ಪತ್ತೈದು ಸಾವಿರ ಮಂದಿಯನ್ನು ಜಪಾನೀಯರು ಸುಡುಬಿಸಿಲಲ್ಲಿ ನಡೆಸಿಕೊಂಡು ಹೊರಟರು. ಸುಮಾರು ನೂರು ಕಿಲೋಮೀಟರ್ ದಾರಿ. ನೀರು ಕೇಳಿದವನಿಗೆ ಬಾಯ್ನೆಟ್ಟು. ಸ್ಯಾನ್ ಫೆರ್ನಾಂಡೊದಲ್ಲಿ ರೈಲಿನ ಸಾಮಾನು ಡಬ್ಬಿಗಳಿಗೆ ತುಂಬಿದರು; ಒಳಗೆ ಸತ್ತವನಿಗೆ ಬೀಳುವುದಕ್ಕೂ ಜಾಗವಿರಲಿಲ್ಲ. ಬದುಕಿ ಉಳಿದವರು ಮುಟ್ಟಿದ್ದು ಓಡಾನೆಲ್ ಎಂಬ ಶಿಬಿರ. ಅಲ್ಲಿ ಕೆಲವೇ ತಿಂಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಫಿಲಿಪ್ಪೀನಿಯರು ಮಲೇರಿಯಾ, ರಕ್ತಭೇದಿ, ಹಸಿವಿನಿಂದ ಸತ್ತರು. ನಿಲ್ಲಲಾರದ ಸೆರೆಯಾಳುಗಳೇ ಸತ್ತ ಸೆರೆಯಾಳುಗಳನ್ನು ಹೊತ್ತು ಹೂಳಬೇಕು. ಸಾಮೂಹಿಕ ಗುಂಡಿಗಳು. ಮೇಲೆಯೇ ನೀರು ಜಿನುಗುವ ನೆಲವಾದ್ದರಿಂದ ಹೂತ ಹೆಣ ತೇಲಿ ಬರುತ್ತಿತ್ತು. ಹೂತವನೇ ಮರುದಿನ ಅದೇ ಗುಂಡಿಗೆ. ಯುದ್ಧ ಮುಗಿದ ಮೇಲೆ ಅಮೆರಿಕ ತನ್ನವರ ಎಲುಬುಗಳನ್ನು ಹುಡುಕಿ ಅಗೆಸಿ, ಗುರುತು ಹಚ್ಚಿ, ಕೆಲವನ್ನು ಮನೆಗೆ ಕಳಿಸಿತು, ಕೆಲವನ್ನು ಮನಿಲಾದ ಅಮೆರಿಕನ್ ಸ್ಮಶಾನದ ಹಸಿರು ಹುಲ್ಲಿನಡಿ ಸಾಲಾಗಿ ಮಲಗಿಸಿತು. ಅಲ್ಲಿ ಹದಿನೇಳು ಸಾವಿರ ಸಮಾಧಿಗಳಿವೆ.

ಬದುಕಿ ಉಳಿದವರ ಪಾಡು ನೋಡಿ. ಯುದ್ಧ ಮುಗಿಯಿತು, ಲೆಕ್ಕ ಹಾಕುವವರು ಬಂದರು. ಇವರಿಗೆಲ್ಲ ಅಮೆರಿಕನ್ ಸಿಪಾಯಿಗಳಿಗೆ ಕೊಟ್ಟಂತೆಯೇ ಕೊಟ್ಟರೆ ಕಾಲಾಂತರದಲ್ಲಿ 320 ಕೋಟಿ ಡಾಲರು ಆಗುತ್ತದೆಂದು ಮಾಜಿ ಸೈನಿಕರ ಇಲಾಖೆ ಅಂದಾಜು ಕೊಟ್ಟಿತು. ಸೆನೆಟರುಗಳು ಗಾಬರಿಯಾದರು. 1946ರ ಫೆಬ್ರವರಿ 18ರಂದು ಒಂದು ಕಾನೂನು ಬಂತು. ಹೆಸರು ಏನೋ ಉಳಿಕೆ ಅನುದಾನ ವಾಪಸಾತಿಯದು. ಅದರ ನಡುವೆ ಒಂದು ಕಲಮು ತುರುಕಿದರು: ಈ ಜನರ ಸೇವೆಯನ್ನು ಸೌಲಭ್ಯಗಳ ಮಟ್ಟಿಗೆ ಅಮೆರಿಕದ ಸೇನೆಯ ಸಕ್ರಿಯ ಸೇವೆಯೆಂದು ಎಣಿಸತಕ್ಕದ್ದಲ್ಲ. ಮೈಮೇಲಿನ ಗಾಯ ಹಾಗೇ ಇತ್ತು, ಗಾಯವಾದ ಯುದ್ಧ ಮಾತ್ರ ಕಾಗದದಿಂದ ಮಾಯವಾಯಿತು. ಅಧ್ಯಕ್ಷ ಟ್ರೂಮನ್ ಇದಕ್ಕೆ ಸಹಿ ಹಾಕಿ, ಈ ಜನರ ಬಗ್ಗೆ ನಮಗೆ ನೈತಿಕ ಹೊಣೆ ಇದೆ ಎಂದೂ ಹೇಳಿಕೆ ಕೊಟ್ಟ. ಸಹಿ ಒಂದು ಕೈಯಲ್ಲಿ, ಮರುಕ ಇನ್ನೊಂದು ಕೈಯಲ್ಲಿ. ಇಂಥ ಮರುಕ ನಮಗೇನು ಹೊಸದಲ್ಲ.

ಗಾಯಾಳುಗಳಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಒಂದಿಷ್ಟು ಪರಿಹಾರ ಉಳಿಸಿದರು. ದರ: ಅಮೆರಿಕದವನಿಗೆ ಒಂದು ಡಾಲರು ಕೊಡುವಲ್ಲಿ ಇವನಿಗೆ ಒಂದು ಪೆಸೊ. ಆಗ ಎರಡು ಪೆಸೊಗೆ ಒಂದು ಡಾಲರು. ಶವಸಂಸ್ಕಾರದ ಖರ್ಚು, ಪೆಟ್ಟಿಗೆಯ ಮೇಲೆ ಹೊದಿಸುವ ಬಾವುಟ ಇವೆಲ್ಲ ಈ ಕಾನೂನಿನಲ್ಲಿರಲಿಲ್ಲ. 1951ರಲ್ಲಿ ಅದನ್ನೂ ಸೇರಿಸಿದರು, ಅದೇ ಪೆಸೊ ದರದಲ್ಲಿ. ಬಾವುಟವನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ ಕೊಡುವುದು ಆಗಲಿಲ್ಲವೇನೋ! 1960ರ ದಶಕದಲ್ಲಿ ಪೆಸೊ ಬಿದ್ದು ಡಾಲರಿಗೆ ನಾಲ್ಕರ ಹತ್ತಿರ ಬಂತು. ಅರ್ಧ ಎಂದದ್ದು ಕಾಲಾಯಿತು. ಅದು ತೀರ ಅನ್ಯಾಯ ಎನಿಸಿ 1966ರಲ್ಲಿ ತಿದ್ದಿದರು: ಡಾಲರಿಗೆ ಐವತ್ತು ಸೆಂಟಿಗೆ ಸಮನಾದ ಪೆಸೊ. ಅಂದರೆ ಕಾಲರ ಅನ್ಯಾಯದಿಂದ ಮತ್ತೆ ಅರ್ಧದ ಅನ್ಯಾಯಕ್ಕೆ.

ಒಂದೇ ನೆಲದ ಈ ಸಿಪಾಯಿಗಳನ್ನು ಕಾನೂನು ನಾಲ್ಕು ಪಂಗಡ ಮಾಡಿತು. ಹಳೆಯ ಸ್ಕೌಟುಗಳು ಅಮೆರಿಕದ ಖಾಯಂ ಸೇನೆಯವರು, ಅವರಿಗೆ ಪೂರ್ತಿ ದರ. ಆಮೇಲೆ ಕಾಮನ್‌ವೆಲ್ತ್ ಸೇನೆಯವರು. ಆಮೇಲೆ ಮಾನ್ಯತೆ ಪಡೆದ ಗೆರಿಲ್ಲಾಗಳು. ಕೊನೆಗೆ 1945ರ ಅಕ್ಟೋಬರ್ ನಂತರ ಸೇರಿದ ಹೊಸ ಸ್ಕೌಟುಗಳು. ನಾಲ್ಕು ವರ್ಣ! ಮನು ಯಾವ ಹಡಗು ಹತ್ತಿ ಅಲ್ಲಿಗೆ ಹೋಗಿದ್ದನೋ ಕಾಣೆ. ಈ ನಾಲ್ಕರ ಹೊರಗೆ ಐದನೆಯವರೂ ಇದ್ದರು, ಮಾನ್ಯತೆಯೇ ಸಿಗದವರು. ನಡು ಲೂಜಾನಿನ ಗೇಣಿ ರೈತರು 1942ರ ಮಾರ್ಚಿಯಲ್ಲಿ ಕಟ್ಟಿದ ಹುಕ್ ಪಡೆ ಜಪಾನೀಯರ ವಿರುದ್ಧ ಮೂರು ವರ್ಷ ಕಾದಿತು. ಜೊತೆಗೆ ಜಮೀನ್ದಾರರಿಗೂ ಎದುರು ನಿಂತಿತ್ತು, ಅದೇ ತಪ್ಪು. 1945ರ ಫೆಬ್ರವರಿಯಲ್ಲಿ ಮಲೋಲೋಸ್ ಊರಿನಲ್ಲಿ ಅವರ ಒಂದು ತುಕಡಿಯ ನೂರಕ್ಕೂ ಹೆಚ್ಚು ಜನರನ್ನು, ಅಮೆರಿಕದ ಕಡೆಯ ಇನ್ನೊಂದು ಗೆರಿಲ್ಲಾ ಗುಂಪು ಹಿಡಿದು, ಅವರ ಗುಂಡಿಯನ್ನು ಅವರಿಂದಲೇ ತೋಡಿಸಿ, ಗುಂಡಿಟ್ಟು ಕೊಂದು ಅದರಲ್ಲೇ ಹೂತಿತು. ಕೊಂದವರ ನಾಯಕ ಆಮೇಲೆ ಆ ಊರಿನ ಮೇಯರಾದ. ಈ ಹೆಣಗಳಿಗೆ ಅರ್ಧ ದರವೂ ಇಲ್ಲ. ಅವರು ತೋಡಿದ ಗುಂಡಿಗೆ ಕೂಲಿಯೂ ಇಲ್ಲ.

1990ರಲ್ಲಿ ಅಮೆರಿಕ ಇವರಿಗೆ ಪೌರತ್ವ ಕೊಡಲು ಒಪ್ಪಿತು. ಎಪ್ಪತ್ತು ಮುಟ್ಟುತ್ತಿದ್ದ ಮುದುಕರು ಸಾವಿರಾರು ಮಂದಿ ಹಡಗು ವಿಮಾನ ಹತ್ತಿ ಹೋದರು. ಪೌರತ್ವ ಸಿಕ್ಕಿತು, ಪಿಂಚಣಿ ಸಿಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್‌ಗಳ ಇಕ್ಕಟ್ಟು ಕೋಣೆಗಳಲ್ಲಿ ನಾಲ್ಕೈದು ಜನ ಒಟ್ಟಿಗೆ, ಬಡವರಿಗೆ ಕೊಡುವ ಭತ್ಯದ ಮೇಲೆ ಬದುಕಿದರು. ಅದರಲ್ಲೇ ಉಳಿಸಿ ಊರಿಗೂ ಕಳಿಸಿದರು. ಒಬ್ಬ ಸತ್ತರೆ ಉಳಿದವರು ಚಂದಾ ಎತ್ತಬೇಕು. ಹೆಣವನ್ನು ಸಮುದ್ರ ದಾಟಿಸಿ ಹೆಂಡತಿಗೆ ಮುಟ್ಟಿಸುವುದಕ್ಕೆ ಸಾವಿರಗಟ್ಟಲೆ ಡಾಲರು. ಆಗ ಅಮೆರಿಕದ ಸಿಪಾಯಿಗೆ ಸಾಮಾನ್ಯ ಸಾವಿನ ಸಂಸ್ಕಾರ ಭತ್ಯ 300 ಡಾಲರು, ಇವನಿಗೆ 150. ಅದೂ ಯುದ್ಧದ ಗಾಯಕ್ಕೆ ಪರಿಹಾರ ಪಡೆಯುತ್ತಿದ್ದವನಾಗಿದ್ದರೆ ಮಾತ್ರ, ಯಾಕೆಂದರೆ ಇನ್ನೊಂದು ಅರ್ಹತೆಯಾದ ಪಿಂಚಣಿಯನ್ನು 1946ರಲ್ಲೇ ಕಿತ್ತುಕೊಂಡಿದ್ದರಲ್ಲ. ರಾಷ್ಟ್ರೀಯ ಸ್ಮಶಾನದಲ್ಲಿ ಜಾಗವಂತೂ ಇಲ್ಲ.

ಮುದುಕರು ಸುಮ್ಮನೆ ಕೂರಲಿಲ್ಲ. 1997ರಲ್ಲಿ ಶ್ವೇತಭವನದ ಬೇಲಿಗೆ ತಮ್ಮನ್ನೇ ಸರಪಳಿಯಿಂದ ಬಿಗಿದುಕೊಂಡರು. ಪದಕಗಳನ್ನು ಎದೆಗೆ ಚುಚ್ಚಿಕೊಂಡಿದ್ದ ಅಜ್ಜಂದಿರನ್ನು ಪೊಲೀಸರು ಎಳೆದೊಯ್ದರು. 1999ರ ಕಾನೂನು ಹೇಳಿತು: ಊರಿಗೆ ವಾಪಸು ಹೋಗಿ ಸಾಯುವುದಾದರೆ ಆ ಬಡವರ ಭತ್ಯದ ಮುಕ್ಕಾಲು ಪಾಲು ಕೊಡುತ್ತೇವೆ. ಕಡೆಗೆ 2000ದ ನವೆಂಬರಿನಲ್ಲಿ ಕಾಮನ್‌ವೆಲ್ತ್ ಸೇನೆಯವರಿಗೂ ಗೆರಿಲ್ಲಾಗಳಿಗೂ ಪೂರ್ತಿ ದರದ ಶವಸಂಸ್ಕಾರ ಭತ್ಯ, ರಾಷ್ಟ್ರೀಯ ಸ್ಮಶಾನದಲ್ಲಿ ನೆಲ ಬಂತು. ಹೊಸ ಸ್ಕೌಟುಗಳಿಗೆ ಇದು 2003ರ ಡಿಸೆಂಬರಿನಲ್ಲಿ. ಆ ಮೂರು ವರ್ಷದೊಳಗೆ ಸತ್ತ ಹೊಸ ಸ್ಕೌಟು ಏನು ಪಾಪ ಮಾಡಿದ್ದನೋ.

2009ರಲ್ಲಿ ಒಂದು ಗಂಟು ಹಣ: ಪೌರನಾದವನಿಗೆ 15,000 ಡಾಲರು, ಆಗದವನಿಗೆ 9,000. ಅರ್ಜಿ ಹಾಕಿದವರು ನಲವತ್ತೆರಡು ಸಾವಿರಕ್ಕೂ ಹೆಚ್ಚು, ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ಸೇಂಟ್ ಲೂಯಿಸ್ ನಗರದ ಕಡತದಲ್ಲಿ ಹೆಸರಿಲ್ಲ ಎಂಬುದು ಉತ್ತರ. ಕಾಡಿನಲ್ಲಿ ಹೋರಾಡುವಾಗ ಹೆಸರು ಬರೆದಿಟ್ಟರೆ ಜಪಾನೀಯರ ಕೈಗೆ ಸಿಕ್ಕಿ ಊರೇ ಸುಡುತ್ತಿತ್ತಲ್ಲ, ಅದನ್ನು ಕಡತಕ್ಕೆ ಯಾರು ಹೇಳಬೇಕು?

ಇತ್ತ ಅವರದೇ ದೇಶದಲ್ಲಿ ಮನಿಲಾದ ಪಕ್ಕ ವೀರರ ಸ್ಮಶಾನವೊಂದಿದೆ, ಆ ಯುದ್ಧದಲ್ಲಿ ಸತ್ತ ಸಿಪಾಯಿಗಳಿಗೆಂದು 1947ರಲ್ಲಿ ಮಾಡಿದ್ದು. ಯುದ್ಧದಲ್ಲಿ ತಾನೊಂದು ದೊಡ್ಡ ಗೆರಿಲ್ಲಾ ಪಡೆ ಕಟ್ಟಿದ್ದೆ ಎಂದು ಸರ್ವಾಧಿಕಾರಿ ಮಾರ್ಕೋಸ್ ಹೇಳಿಕೊಳ್ಳುತ್ತಿದ್ದ. ಆ ಮಾತು ಸುಳ್ಳೆಂದು ಅಮೆರಿಕದ ಸೇನೆಯೇ ಹಿಂದೆ ಬರೆದಿಟ್ಟಿದ್ದ ಕಾಗದಗಳು 1986ರಲ್ಲಿ ಹೊರಬಂದವು. 1989ರಲ್ಲಿ ಸತ್ತ ಅವನ ಹೆಣವನ್ನು ಹುಟ್ಟೂರಿನ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ತಣ್ಣಗೆ ಕಾದಿಟ್ಟು, 2016ರ ನವೆಂಬರ್ 18ರಂದು ಅದೇ ವೀರರ ಸ್ಮಶಾನದಲ್ಲಿ ಇಪ್ಪತ್ತೊಂದು ತೋಪು ಹಾರಿಸಿ ಹೂತರು. ಅದಾದ ತಿಂಗಳಿಗೇ ಅಮೆರಿಕದ ಕಾಂಗ್ರೆಸ್ಸು ಈ ಸಿಪಾಯಿಗಳಿಗೆಲ್ಲ ಸೇರಿ ಒಂದು ಚಿನ್ನದ ಪದಕ ಮಂಜೂರು ಮಾಡಿತು. ಅದನ್ನು ಪಡೆಯಲು 2017ರ ಅಕ್ಟೋಬರಿನಲ್ಲಿ ಬಂದವರು ತೊಂಬತ್ತು ದಾಟಿದವರು, ಗಾಲಿಕುರ್ಚಿಯಲ್ಲಿ.

ಸಂಸ್ಕಾರ ಭತ್ಯದ ಮೊತ್ತ ಆಮೇಲೆ ಏರಿದೆ. ಆದರೆ ಐವತ್ತು ಸೆಂಟಿನ ವಾಕ್ಯವನ್ನು ಕಾನೂನು ಪುಸ್ತಕದಿಂದ ಪೂರ್ತಿ ಕಿತ್ತಿಲ್ಲ. ಪೂರ್ತಿ ದರ ಬೇಕಾದರೆ ಸತ್ತ ದಿನ ಅವನು ಪೌರನೋ ಕಾಯಂ ನಿವಾಸಿಯೋ ಆಗಿರಬೇಕು, ಅಮೆರಿಕದ ನೆಲದಲ್ಲೇ ವಾಸವಿದ್ದಿರಬೇಕು. ಮಗಳ ಮನೆಯಲ್ಲಿ ಕಣ್ಣು ಮುಚ್ಚುತ್ತೇನೆ ಎಂದು ಮನಿಲಾಕ್ಕೆ ಹೋಗಿ ನೆಲೆಸಿದವನಿಗೆ ಮತ್ತೆ ಅರ್ಧ. ವಾಸಕ್ಕೆ ಪುರಾವೆ ಏನೆಂದು ನಿಯಮದಲ್ಲಿ ಬರೆದಿದ್ದಾರೆ: ಬಾಡಿಗೆ ಕರಾರು ನಡೆಯುತ್ತದೆ, ಕರೆಂಟು ಬಿಲ್ಲು ನಡೆಯುತ್ತದೆ. ಸತ್ತವನ ಹೆಸರಿನಲ್ಲಿ ಅಂಚೆ ಕಚೇರಿಯ ಪೆಟ್ಟಿಗೆ ಸಂಖ್ಯೆ ಒಂದೇ ಇದ್ದರೆ ನಡೆಯುವುದಿಲ್ಲ.