ಹಾಸನದ ಹೃದಯಾಘಾತಗಳು ಮತ್ತು ರಕ್ತದ ಉರಿಯೂತ ಸೂಚಕಗಳು

2025ರ ಮೇ ಕೊನೆಯಿಂದ ಜೂನ್ ಮುಗಿಯುವ ತನಕ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂತು. ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಹೃದಯಾಘಾತದ ಸುಳಿವನ್ನು ರಕ್ತಪರೀಕ್ಷೆಯಲ್ಲೇ ಮೊದಲು ಹಿಡಿಯಲಾಗದೇ ಎಂಬ ಪ್ರಶ್ನೆ ಆಗ ಹಲವರಲ್ಲಿ ಎದ್ದಿತು. ಉರಿಯೂತದ ಸೂಚಕಗಳ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಟಿಪ್ಪಣಿಯ ಉದ್ದೇಶ.

ವರದಿಗಳು ಹೇಳಿದ್ದು

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಸಾವುಗಳಿಗೂ ಹೃದಯಕ್ಕೂ ಸಂಬಂಧವಿರಲಿಲ್ಲ. ಉಳಿದ 20 ಹೃದ್ರೋಗದಿಂದ ಆದವು ಅಥವಾ ಆಗಿರಬಹುದಾದವು. ಮೃತರಲ್ಲಿ ಆಟೊ, ಕ್ಯಾಬ್ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದುದನ್ನೂ ಸಮಿತಿ ಗುರುತಿಸಿತು. ಅದೇ ವರ್ಷ ಜಯದೇವದಲ್ಲಿ ದಾಖಲಾದ, 45 ವರ್ಷ ದಾಟದ 251 ರೋಗಿಗಳ ಅಧ್ಯಯನವೂ ಹೊರಬಂತು. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನದಂಥ ರೂಢಿಯ ಅಪಾಯಕಾರಿ ಅಂಶ ಯಾವುದೂ ಕಾಣಲಿಲ್ಲ. ಉರಿಯೂತದ ಚರ್ಚೆ ಮುಖ್ಯವಾಗುವುದು ಈ ಗುಂಪಿಗಾಗಿ.

ಸೂಚಕದ ಬಲ

ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿದ ಕಡೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅಲ್ಲಿನ ಉರಿಯೂತ ಆ ಕೊಬ್ಬಿನ ಗಡ್ಡೆಯ ಹೊದಿಕೆಯನ್ನು ತೆಳುವಾಗಿಸುತ್ತದೆ. ಹೊದಿಕೆ ಬಿರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕದ ಪ್ರೇರಣೆಯಿಂದ ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಈ ಉರಿಯೂತದ ಸುಳಿವು ಕೊಡುತ್ತದೆ. ಪಾಲ್ ರಿಡ್ಕರ್ ಮತ್ತು ಸಂಗಡಿಗರು 1997ರಲ್ಲಿ, ಆರೋಗ್ಯವಂತರಾಗಿಯೇ ಕಾಣುತ್ತಿದ್ದ ಅಮೆರಿಕದ ವೈದ್ಯರಲ್ಲಿ ಸಿಆರ್‌ಪಿ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತದ ಅಪಾಯವೂ ಹೆಚ್ಚಿತ್ತೆಂದು ತೋರಿಸಿದರು.

2017ರ ಕ್ಯಾಂಟೋಸ್ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಂದೆ ಹೃದಯಾಘಾತವಾಗಿದ್ದ 10,061 ಜನರ ಈ ಪ್ರಯೋಗದಲ್ಲಿ, ಉರಿಯೂತವನ್ನು ಮಾತ್ರ ತಗ್ಗಿಸುವ ಕ್ಯಾನಕಿನುಮಾಬ್ ಮದ್ದು 150 ಮಿ.ಗ್ರಾಂ. ಪ್ರಮಾಣದಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಸಾವು ಸಂಭವಿಸುವುದನ್ನು ಶೇ. 15ರಷ್ಟು ತಗ್ಗಿಸಿತು. ಕೊಲೆಸ್ಟರಾಲ್ ಇಳಿಯಲಿಲ್ಲ. ಮಾರಕ ಸೋಂಕುಗಳು ಮಾತ್ರ ಹೆಚ್ಚಿದವು. ಉರಿಯೂತ ಈ ಕಾಯಿಲೆಯ ಕಾರಣಗಳಲ್ಲೊಂದು ಎಂಬುದಕ್ಕೆ ಇದು ಗಟ್ಟಿ ಆಧಾರ. ಆದರೆ ಸಿಆರ್‌ಪಿಯೇ ಕಾರಣವಲ್ಲ, ಅದು ಗುರುತು ಮಾತ್ರ ಎಂದು ವಂಶವಾಹಿ ಅಧ್ಯಯನಗಳು ಹೇಳುತ್ತವೆ.

ಸೂಚಕದ ಮಿತಿ

ಸಣ್ಣ ಲ್ಯಾಬ್‌ಗಳಲ್ಲಿ ಸಿಆರ್‌ಪಿಗೆ ರೂಢಿಯಲ್ಲಿರುವುದು ಲ್ಯಾಟೆಕ್ಸ್ ಪರೀಕ್ಷೆ. ಸ್ಲೈಡಿನ ಮೇಲೆ ಸೀರಮ್ಮಿನ ತೊಟ್ಟಿಗೆ ಲ್ಯಾಟೆಕ್ಸ್ ದ್ರಾವಣ ಬೆರೆಸಿ, ಎರಡು ನಿಮಿಷ ಆಡಿಸಿ, ಕಣಗಟ್ಟಿತೇ ಎಂದು ನೋಡುತ್ತಾರೆ. ಲೀಟರಿಗೆ ಸುಮಾರು 6 ಮಿ.ಗ್ರಾಂ. ಮೀರಿದರೆ ಮಾತ್ರ ಅದು ಪಾಸಿಟಿವ್. ಹೃದಯದ ಲೆಕ್ಕಾಚಾರಕ್ಕೆ ಬೇಕಾದ ಅಂತರಗಳಾದರೋ ಅದಕ್ಕೂ ಕೆಳಗಿವೆ: 1ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಸಾಧಾರಣ, 3 ಮೀರಿದರೆ ಹೆಚ್ಚು. ಇದನ್ನು ಅಳೆಯಲು ಹೈ-ಸೆನ್ಸಿಟಿವಿಟಿ ಸಿಆರ್‌ಪಿಯೇ ಬೇಕು. ಲ್ಯಾಟೆಕ್ಸ್ ‘ನೆಗೆಟಿವ್’ ಎಂಬ ಚೀಟಿಯನ್ನು ನಂಬಿ ಹೃದಯ ಕ್ಷೇಮವೆಂದು ತಿಳಿಯುವುದು ತಪ್ಪು.

ಹಲ್ಲಿನ ವಸಡಿನ ಸೋಂಕು, ಸಂಧಿವಾತ, ಬೊಜ್ಜು ಕೂಡ ಸಿಆರ್‌ಪಿಯನ್ನು ಏರಿಸುತ್ತವೆ. ಡೆಂಗಿ, ಚಿಕೂನ್‌ಗುನ್ಯಾದಂಥ ಜ್ವರ ಬಂದಾಗಲೂ ಅದು ಏರುವುದುಂಟು. 10 ಮೀರಿದ ಅಳತೆಯನ್ನು ಹೃದಯದ ಲೆಕ್ಕಕ್ಕೆ ಹಿಡಿಯದೆ, ಸೋಂಕು ವಾಸಿಯಾಗಿ ಎರಡು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು. ಹೃದಯಾಘಾತವಾದ ಮೇಲೆ ಸ್ನಾಯು ಸಾಯುವುದರಿಂದಲೇ ಸಿಆರ್‌ಪಿ ಮೇಲೇರುತ್ತದೆ. ಹೀಗಾಗಿ ಆಸ್ಪತ್ರೆಗೆ ಬಂದ ದಿನ ತೆಗೆದ ರಕ್ತದಿಂದ ಹಿಂದಿನ ಕಾರಣವನ್ನು ಊಹಿಸಲಾಗದು.

ಹಾಸನದಲ್ಲಿ ಆಗಬೇಕಾದ ಅಧ್ಯಯನ

ಸಾವಿನ ನಂತರ ಕಾರಣ ಹುಡುಕುವ ಬದಲು ಜಿಲ್ಲೆಯ ಆರೋಗ್ಯವಂತ ಮಧ್ಯವಯಸ್ಕರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಎಲೆ ಹದಮಾಡುತ್ತಾರೆ. ಆ ಹೊಗೆಯಲ್ಲಿ ದುಡಿಯುವವರ ಸಿಆರ್‌ಪಿಯನ್ನು ಹದಮಾಡುವ ಕಾಲದಲ್ಲೂ ಬಿಡುವಿನ ಕಾಲದಲ್ಲೂ ಅಳೆದು ಹೋಲಿಸಬಹುದು. ದಿನವಿಡೀ ಕೂತೇ ಇರುವ ಚಾಲಕರನ್ನು ಇನ್ನೊಂದು ಗುಂಪಾಗಿ ತೆಗೆದುಕೊಳ್ಳಬಹುದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಬೀಡಿ-ಸಿಗರೇಟಿನ ವಿವರ ಜೊತೆಗಿಲ್ಲದಿದ್ದರೆ ಉರಿಯೂತದ ಅಂಕಿಗೆ ಅರ್ಥವಿರದು.

ತೀರ್ಮಾನ

ಉರಿಯೂತದ ಸೂಚಕ ಮುಂದಿನ ಹತ್ತಾರು ವರ್ಷಗಳ ಅಪಾಯವನ್ನು ತೂಗಲು ನೆರವಾಗುತ್ತದೆ. ಇಂದಿನ ಎದೆನೋವು ಏನೆಂದು ಅದು ಹೇಳಲಾರದು. ಆ ಕೆಲಸ ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆಗಳದ್ದು. ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಎದೆ ಬಿಗಿದರೆ, ಎಡತೋಳು ಅಥವಾ ದವಡೆಗೆ ನೋವು ಹರಿದರೆ, ಗ್ಯಾಸ್ಟ್ರಿಕ್ ಇರಬಹುದೆಂದು ಕಾಯಬೇಡಿ, ಲ್ಯಾಬಿನ ಚೀಟಿಯನ್ನೂ ಹುಡುಕಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಿ.