ದೀನಾರದ ದಾರಿ: ಮಲೆನಾಡಿನ ಅಂಚಿನ ರೋಮನ್ ನಾಣ್ಯಗಳು

ಪ್ರಾಚೀನ ರೋಮನ್ ನಾಣ್ಯಗಳನ್ನು ಸಂಗ್ರಹಿಸುವವರು ಅವುಗಳಲ್ಲಿ ಎರಡು ಬಗೆ ಕಾಣುತ್ತಾರೆ. ಇಡೀ ಸಾಮ್ರಾಜ್ಯದಲ್ಲಿ ಸಲ್ಲಲೆಂದು ಚಕ್ರವರ್ತಿಯ ಅಧಿಕಾರದಿಂದ ಟಂಕಿಸಿದವು ಒಂದು ಬಗೆ. ಪ್ರಾಂತಗಳ ನಗರಗಳು ತಮ್ಮ ಸುತ್ತಣ ವ್ಯವಹಾರಕ್ಕೆ ಟಂಕಿಸಿಕೊಂಡವು ಇನ್ನೊಂದು. ಎರಡನೆಯವು ಹೆಚ್ಚಾಗಿ ಕಂಚಿನವು. ಪೂರ್ವದ ಪ್ರಾಂತಗಳಲ್ಲಿ ಅವುಗಳ ಬರಹ ಗ್ರೀಕ್. ಮುಮ್ಮುಖದಲ್ಲಿ ಚಕ್ರವರ್ತಿ, ಹಿಮ್ಮುಖದಲ್ಲಿ ಆ ಊರಿನ ದೇವತೆ ಅಥವಾ ದೇಗುಲ. ಈ ವೈವಿಧ್ಯದಿಂದಾಗಿ ಸಂಗ್ರಾಹಕರಿಗೆ ಇವು ಅಚ್ಚುಮೆಚ್ಚು. ಕರ್ನಾಟಕದ ಮಣ್ಣಿನಲ್ಲಿ ದೊರೆತ ಹೆಸರಾಂತ ನಿಧಿಗಳಾದರೋ ಮೊದಲನೆಯ ಬಗೆಯವು. ಈ ವ್ಯತ್ಯಾಸವೇ ಇಲ್ಲಿ ವಿಚಾರಣೀಯ.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಮಾರ್ಗಕ್ಕಾಗಿ ಅಗೆಯುವಾಗ 163 ಬೆಳ್ಳಿಯ ದಿನಾರಿಯಸ್‌ಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಮತ್ತೆ 256. ಅಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳೇ ದಕ್ಷಿಣ ಭಾರತದ ಇಂಥ ಬೆಳ್ಳಿ ನಿಧಿಗಳ ಬಹುಪಾಲು. ಅವುಗಳಲ್ಲಿ ಪದೇ ಪದೇ ಕಾಣುವ ಎರಡು ಮಾದರಿಗಳು, ಗಾಯಸ್ ಮತ್ತು ಲೂಸಿಯಸ್ ಎಂಬ ರಾಜಕುಮಾರರ ಗುರಾಣಿ-ಈಟಿಗಳದು ಹಾಗೂ ಟೈಬೀರಿಯಸನ ಆಸೀನ ಸ್ತ್ರೀಮೂರ್ತಿಯದು, ಗಾಲ್ ದೇಶದ ಲುಗ್ಡುನಮ್, ಅಂದರೆ ಇಂದಿನ ಲಿಯೋನ್ ಟಂಕಶಾಲೆಯವು. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್ಸಿನ ತೂಕವನ್ನೂ ಬೆಳ್ಳಿಯ ಅಂಶವನ್ನೂ ಇಳಿಸಿದನು. ಆ ಬಳಿಕದ ಬೆಳ್ಳಿ ನಾಣ್ಯ ಭಾರತದಲ್ಲಿ ವಿರಳ. ಇಲ್ಲಿಯ ವರ್ತಕನು ಲ್ಯಾಟಿನ್ ಓದಬಲ್ಲವನಾಗಿರಲಿಲ್ಲ. ಆದರೆ ಲೋಹ ಬಲ್ಲವನಾಗಿದ್ದನು.

ಇನ್ನೂ ಸೋಜಿಗದ ಸಂಗತಿಯೊಂದುಂಟು. ರೋಮನ್ ಹಡಗುಗಳು ಭಾರತಕ್ಕೆ ಹೊರಡುತ್ತಿದ್ದುದು ಈಜಿಪ್ಟಿನ ಬೆರೆನಿಕೆ ಮತ್ತು ಮಿಯೋಸ್ ಹಾರ್ಮೋಸ್ ಬಂದರುಗಳಿಂದ. ಈಜಿಪ್ಟಿನೊಳಗೆ ನಡೆಯುತ್ತಿದ್ದುದು ಅಲೆಕ್ಸಾಂಡ್ರಿಯದ ಪ್ರಾಂತೀಯ ನಾಣ್ಯ, ಕಳಪೆ ಬೆಳ್ಳಿಯ ಟೆಟ್ರಾಡ್ರಾಕ್ಮ್. ಅದು ಆ ಪ್ರಾಂತದ ಗಡಿಯೊಳಗೇ ಸಲ್ಲುವ ಹಣ. ಹೀಗೆ ವ್ಯಾಪಾರ ಹಾಯ್ದುಬಂದ ನಾಡಿನ ನಾಣ್ಯ ಹಿಂದುಳಿದು, ದೂರದ ಗಾಲ್‌ನ ಬೆಳ್ಳಿ ಬೆಂಗಳೂರಿನ ಮಣ್ಣು ಸೇರಿತು.

ತುಂಗೆಯ ದಡದ ಶೃಂಗೇರಿ, ಭದ್ರೆಯ ದಡದ ನರಸಿಂಹರಾಜಪುರ, ನಡುವೆ ಕೊಪ್ಪ: ಈ ಮೆಣಸಿನ ಸೀಮೆ ರೋಮಿನ ಕಥೆಗೆ ಎಲ್ಲಿ ಸೇರುತ್ತದೆ? ಕರಿಮೆಣಸು ಪೌಂಡಿಗೆ ನಾಲ್ಕು ದಿನಾರಿಯಸ್ಸಿಗೆ ಮಾರುತ್ತಿತ್ತೆಂದು ಪ್ಲಿನಿ ಬರೆದಿದ್ದಾನೆ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಸೆಳೆಯುತ್ತಿದೆಯೆಂದು ಅವನ ಕೊರಗು. ಆ ಮೆಣಸಿನ ಮುಖ್ಯ ರೇವು ಕೇರಳದ ಮುಜಿರಿಸ್. ಆದುದರಿಂದ ಕೊಪ್ಪದ ಮೆಣಸೇ ರೋಮಿಗೆ ಹೋಯಿತೆಂದು ಅಭಿಮಾನದಿಂದ ಬರೆಯುವುದು ಅವಸರವಾದೀತು. ಶೃಂಗೇರಿಯ ಪೇಟೆಯ ನಡುವೆ ನಿಂತಿರುವ ಪಾರ್ಶ್ವನಾಥ ಬಸದಿ ಮಾರಿಸೆಟ್ಟಿಯ ಹೆಸರಿನೊಡನೆ ಬೆಸೆದದ್ದು. ಸೆಟ್ಟಿಗಳ ಸಂಪತ್ತು ಅಲ್ಲಿ ಶಿಲೆಯಾಗಿದೆ, ನಿಜ. ಆದರೆ ಅದು ಹನ್ನೆರಡನೆಯ ಶತಮಾನ. ಸಾವಿರ ವರ್ಷವನ್ನು ಒಂದು ವಾಕ್ಯದಲ್ಲಿ ದಾಟಲಾಗದು. ಮಲೆನಾಡಿನ ಮೂಡಣಕ್ಕೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನೆಲ ಗಟ್ಟಿ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಆ ನೆಲೆಯಲ್ಲಿ ರೋಮನ್ ದಿನಾರಿಯಸ್‌ಗಳೂ ಸ್ಥಳೀಯ ಮಹಾರಠಿಗಳ ಸೀಸದ ನಾಣ್ಯಗಳೂ ದೊರೆತಿವೆ. ಸೀಸದ್ದು ಸಂತೆಗೆ, ಬೆಳ್ಳಿಯದು ಕೂಡಿಡಲು ಎಂದು ನನ್ನ ಊಹೆ.

ಮುಂದೆ ಈ ನಾಣ್ಯಗಳ ಬಾಳು ಬದಲಾಯಿತು. ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನಲ್ಲಿ 46 ಚಿನ್ನದ ನಾಣ್ಯಗಳು ದೊರೆತಿವೆ. ಅವುಗಳಲ್ಲಿ ಆರನೆಯ ಶತಮಾನದ ಒಂದನೆಯ ಜಸ್ಟಿನ್‌ನವರೆಗಿನ ಬೈಜಾಂಟಿಯಮ್ಮಿನ ಸಾಲಿಡಸ್‌ಗಳಿವೆ. ದಕ್ಷಿಣ ಭಾರತದಲ್ಲಿ ದೊರೆತ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗಕ್ಕೆ ಜೋಡಿ ತೂತುಗಳಿವೆ. ಮುಖ ನೇರವಾಗಿ ನಿಲ್ಲುವಂತೆ ಪೋಣಿಸಿ ಧರಿಸಲು ಕೊರೆದವು ಅವು. ಇದಕ್ಕೆ ನಮ್ಮ ಸಾಹಿತ್ಯದಲ್ಲೇ ಒಂದು ಸಾಕ್ಷಿಯಿದೆ. ಶ್ವೇತಾಂಬರ ಆಗಮವಾದ ಕಲ್ಪಸೂತ್ರದಲ್ಲಿ ತ್ರಿಶಲೆ ಕಂಡ ಶುಭಸ್ವಪ್ನಗಳ ವರ್ಣನೆ ಬರುತ್ತದೆ. ಅಲ್ಲಿಯ ಶ್ರೀದೇವಿಯ ಎದೆಯ ಮೇಲೆ ದೀನಾರಗಳ ಮಾಲೆ. ದಿನಾರಿಯಸ್ಸಿನಿಂದ ಬಂದ ಈ ಪದ ಪ್ರಾಕೃತದಲ್ಲಿ ಆಭರಣದ ಹೆಸರಾಗಿ ನೆಲೆಸಿತ್ತು. 1884ರ ಅನುವಾದದಲ್ಲಿ ಹರ್ಮನ್ ಯಾಕೋಬಿ ಈ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನಾಣ್ಯಶಾಸ್ತ್ರದ ವಿದ್ಯಾರ್ಥಿ ಆಗಮವನ್ನೂ, ಸಾಹಿತ್ಯದ ವಿದ್ಯಾರ್ಥಿ ನಾಣ್ಯದ ತೂತನ್ನೂ ನೋಡಬೇಕಾದುದು ಇಂಥಲ್ಲಿ.

ತೂತು, ಸವೆತ, ಜೊತೆಯಲ್ಲಿದ್ದ ಮಡಕೆ, ಮಣ್ಣಿನ ಪದರ: ಇವೆಲ್ಲ ದೊರೆತ ಜಾಗಕ್ಕೆ ಅಂಟಿಕೊಂಡಾಗಲೇ ಮಾತನಾಡುತ್ತವೆ. ಹೊಳಪು ಬರಿಸಿ ಆಲ್ಬಮ್ಮಿನಲ್ಲಿ ಕೂಡಿಸಿದ ನಾಣ್ಯ ಅಗಸ್ಟಸನ ಬಗ್ಗೆ ಏನಾದರೂ ಹೇಳೀತು, ಕರ್ನಾಟಕದ ಬಗ್ಗೆ ಏನೂ ಹೇಳದು. ಮಲೆನಾಡಿನ ತೋಟದಲ್ಲಿ ಸಿಕ್ಕಿತೆಂದು ನಾಳೆ ಯಾರಾದರೂ ಅಲೆಕ್ಸಾಂಡ್ರಿಯದ ಟೆಟ್ರಾಡ್ರಾಕ್ಮ್ ತೋರಿಸಿದರೆ, ನಾನು ಮೊದಲು ಕೇಳುವುದು ಅದನ್ನು ಯಾವ ಅಂಗಡಿಯಲ್ಲಿ ಕೊಂಡಿರೆಂದು. ನಿಜವಾಗಿಯೂ ಅಡಕೆ ತೋಟದ ಬಸಿಗಾಲುವೆಯಲ್ಲಿ ಸಿಕ್ಕಿದ್ದರೆ ಹುಣಸೆಹಣ್ಣು ಹಾಕಿ ತೊಳೆಯದೆ, ಜಾಗ ಮತ್ತು ಆಳವನ್ನು ಬರೆದಿಟ್ಟು, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹೀಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯ ಕಾಲದಿಂದಲೂ ಕಾನೂನು ಕೇಳಿದೆ.