ಕೊಪ್ಪಳ ಜಿಲ್ಲೆಯ ಎಲುಬಿನ ಫ್ಲೋರೋಸಿಸ್

ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿಯುವುದರಿಂದ ಹಲ್ಲು, ಎಲುಬು, ಕೀಲುಗಳಿಗೆ ತಗಲುವ ಕಾಯಿಲೆ. ಆಸ್ಟಿಯೊಪೊರೋಸಿಸ್, ರಿಕೆಟ್ಸ್‌ಗಳ ಜೊತೆ ಇದನ್ನೂ ವೈದ್ಯರು ಎಲುಬಿನ ಚಯಾಪಚಯ ರೋಗಗಳ ಸಾಲಿನಲ್ಲಿ ಇಡುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಇದರ ಕಾಟ ಹೆಚ್ಚಾಗಿ ಬೋರ್‌ವೆಲ್ಲನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಒಣಭೂಮಿಯ ಊರುಗಳಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಭತ್ತದ ಸೀಮೆಗೆ ಹೊಳೆಯ ನೀರಿನ ಆಸರೆ ಉಂಟು.

ಭಾರತದಲ್ಲಿ ಈ ಕಾಯಿಲೆ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರ ಬೆನ್ನು ಸೆಟೆದುಕೊಳ್ಳುವುದಕ್ಕೆ ಬಾವಿ ನೀರಿನ ಫ್ಲೋರೈಡೇ ಕಾರಣವೆಂದು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ತೋರಿಸಿದರು. ಕೊಪ್ಪಳ ಆಗ ನಿಜಾಮರ ಆಳ್ವಿಕೆಯ ರಾಯಚೂರು ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಿಜಾಮರ ಕಾಲದಲ್ಲಿ ಈ ಭಾಗದ ನೀರಿನ ಭಯವೇ ಬೇರೆ. ಮೆಟ್ಟಿಲುಬಾವಿಗಿಳಿದು ಕೊಡ ತುಂಬಿಕೊಂಡವರ ಕಾಲಿನಿಂದ ದಾರದಂಥ ಹುಳು ಹೊರಬರುವ ನಾರುಹುಣ್ಣು ರಾಯಚೂರು ಸೀಮೆಯನ್ನು ಕಾಡುತ್ತಿತ್ತು. 1960ರ ದಶಕದ ಬರದ ನಂತರ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು, ಹಿಂದೆಯೇ ಕೈಪಂಪುಗಳೂ ಬಂದವು. ನಾರುಹುಣ್ಣು ತೊಲಗಿತು, 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಈ ಬೋರ್‌ಗಳು ಮುಟ್ಟುವ ಗ್ರಾನೈಟ್, ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ, ಕ್ಯಾಲ್ಸಿಯಂ ಕಡಿಮೆಯಿದ್ದಲ್ಲಿ ಇನ್ನಷ್ಟು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5 ಮಿ.ಗ್ರಾಂ.ವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಕಣ್ಣಿಗೆ ತಿಳಿಯಾಗಿ ಕಾಣುವ, ನಾಲಿಗೆಗೂ ತಿಳಿಯದ ನೀರಿನ ಮೇಲೆ ಸಂಶಯ ಯಾರಿಗೆ ಬರಬೇಕು?

ಮೊದಲು ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಆಮೇಲೆ ಕಂದು ಕಲೆ. ಎಲುಬಿಗೆ ಇಳಿಯಲು ವರ್ಷಗಳೇ ಬೇಕು. ಸೊಂಟ ಹಿಡಿಯುತ್ತದೆ, ಗದ್ದ ಎದೆಗೆ ತಾಗುವುದಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಮುಂಗೈ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆಯೂ ಸುಣ್ಣಗಟ್ಟಿ ಬೆಳ್ಳಗೆ ಕಾಣುತ್ತದೆ. ವಯಸ್ಸಾದವರ ಸಂಧಿವಾತವೆಂದು ಮಾತ್ರೆ ಕೊಟ್ಟು ಕಳಿಸುವಾಗ ತಪ್ಪಿಹೋಗುವುದು ಇದೇ ಸುಳಿವು.

ಇದೇ ಸಾಲಿನ ಆಸ್ಟಿಯೊಪೊರೋಸಿಸ್‌ಗೆ, ಅಂದರೆ ಎಲುಬು ಟೊಳ್ಳಾಗುವ ರೋಗಕ್ಕೆ, 1993ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದ ತಜ್ಞರ ಸಮ್ಮೇಳನ ಒಮ್ಮತದ ವ್ಯಾಖ್ಯೆ ಕೊಟ್ಟಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಲುಬಿನ ಸಾಂದ್ರತೆ ಎಷ್ಟು ಇಳಿದರೆ ಆ ರೋಗ ಎಂಬುದಕ್ಕೆ ಗೆರೆ ಎಳೆಯಿತು. ಫ್ಲೋರೋಸಿಸ್‌ನಲ್ಲಿ ಆ ಗೆರೆಯೊಂದನ್ನೇ ನಂಬುವಂತಿಲ್ಲ. ಇಲ್ಲಿ ಬೆನ್ನೆಲುಬಿನ ಸಾಂದ್ರತೆ ಏರಿರಬಹುದು, ಬಲ ಮಾತ್ರ ಕುಗ್ಗಿರುತ್ತದೆ. ಇದಕ್ಕೆ ಪಶ್ಚಿಮದ ಆಸ್ಪತ್ರೆಗಳಲ್ಲೇ ಪುರಾವೆ ಸಿಕ್ಕಿದೆ. ಎಲುಬು ಗಟ್ಟಿಯಾಗಲೆಂದು 1960ರ ದಶಕದಿಂದ ಆಸ್ಟಿಯೊಪೊರೋಸಿಸ್ ರೋಗಿಗಳಿಗೆ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದರು. 1990ರಲ್ಲಿ ಅಮೆರಿಕದ ರಿಗ್ಸ್ ತಂಡದ ಪ್ರಯೋಗದಲ್ಲಿ ಬೆನ್ನೆಲುಬಿನ ಸಾಂದ್ರತೆ ಏರಿತು, ಅಲ್ಲಿನ ಮುರಿತಗಳು ಗಣನೀಯವಾಗಿ ತಗ್ಗಲಿಲ್ಲ, ಬೇರೆ ಕಡೆಯ ಎಲುಬು ಮುರಿತ ಹೆಚ್ಚಿತು.

ಹೊಟ್ಟೆಪಾಡಿನ ಸಂಗತಿಯೂ ಇದರಲ್ಲಿದೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಆಂಧ್ರದ ಫ್ಲೋರೈಡ್ ಪ್ರದೇಶದ ಎಳೆಯರಲ್ಲಿ ಮಂಡಿ ಒಳಬಾಗುವುದನ್ನೂ ಎಲುಬು ಟೊಳ್ಳಾಗುವುದನ್ನೂ ಒಟ್ಟಿಗೆ ವರದಿ ಮಾಡಿದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡಿನ ಪೆಟ್ಟು ಜೋರು. ಹಾಲು ಮಾರಿ ಕಾಳು ಕೊಳ್ಳುವ ಮನೆಗೂ ಹಾಲು ಕುಡಿಯುವ ಮನೆಗೂ ಒಂದೇ ಬೋರ್ ಇದ್ದರೂ ಕಾಯಿಲೆ ಒಂದೇ ಆಗಿರಬೇಕಿಲ್ಲ.

ಸುಣ್ಣ, ಪಟಿಕ ಬೆರೆಸಿ ಫ್ಲೋರೈಡ್ ತಗ್ಗಿಸುವ ನಲಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ರೂಪಿಸಿತು. ದಿನಾ ಅಳೆದು ಬೆರೆಸುವ ಕೆಲಸವಾದ್ದರಿಂದ ಹಳ್ಳಿಗಳಲ್ಲಿ ಅದು ನಿಲ್ಲುವುದು ಕಷ್ಟ. 2008-09ರಲ್ಲಿ ಕೇಂದ್ರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಆಮೇಲೆ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು: ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಯಂತ್ರ ಕೆಟ್ಟರೆ ಮತ್ತೆ ಬೋರ್ ನೀರೇ ಗತಿ. ಕುಷ್ಟಗಿ, ಯಲಬುರ್ಗಾಗಳಿಗೆ ಕೃಷ್ಣಾ ನದಿಯ ನೀರು ತರುವ ಬಹುಗ್ರಾಮ ಯೋಜನೆಯೇ ಇವೆಲ್ಲಕ್ಕಿಂತ ಗಟ್ಟಿ ಪರಿಹಾರ. ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.